ಠಾಣೆಯ ಮೆಟ್ಟಿಲು ಹತ್ತಲು ಸಂಕೋಚವೇಕೆ?

ಕೋರ್ಟು, ಕಚೇರಿ, ಚಾವಡಿ ಈ ಮೂರರ ಸಹವಾಸ ಬೇಡ ಎಂಬುದು ನಮ್ಮ ವ್ಯಾಪಾರಿ ಮನೆತನಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಮಾತು. ಮಗನಿಗೆ ರೋಜಕೀರ್ದಿ ಬರೆಯಲು ಕಲಿಸುವಾಗಲೇ ಇದನ್ನೂ ಕಲಿಸುತ್ತಿದ್ದರು. ಸಾಲ ಮುಳುಗಿದರೆ ಪಂಚರ ಮುಂದೆ ಕುಳಿತು ಬಗೆಹರಿಸಿಕೋ, ಪಾಲುದಾರನೊಡನೆ ಮನಸ್ತಾಪವಾದರೆ ಹಿರಿಯರ ಮಾತು ಕೇಳು, ಮನೆಯಲ್ಲಿ ಕಳವಾದರೆ ಬಾಯಿ ಮುಚ್ಚಿಕೊಂಡು ಹೊಸ ಬೀಗ ಹಾಕು. ಮೊದಲಿನ ಎರಡು ಉಪದೇಶಗಳಲ್ಲಿ ವಿವೇಕವಿದೆ. ಮೂರನೆಯದರಲ್ಲಿ ವಿವೇಕವಿದೆಯೇ ಅಥವಾ ಬರೀ ಅಂಜಿಕೆಯಿದೆಯೇ ಎಂಬುದನ್ನು ಸಮಾಜ ಬಾಂಧವರು ಈಗ ಕುಳಿತು ವಿಚಾರ ಮಾಡಬೇಕಾಗಿದೆ.

ಸೊಲ್ಲಾಪುರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಭಾಷೆಗಳು ಒಂದೇ ಓಣಿಯಲ್ಲಿ ಕೇಳುವ ಊರು. ಚಾದರದ ಮಗ್ಗಗಳ ಸದ್ದು ಕಡಿಮೆಯಾಗಿದ್ದರೂ ಪೇಟೆಯ ಗದ್ದಲ ಕಡಿಮೆಯಾಗಿಲ್ಲ. ನವೀ ಪೇಟೆ, ಚಾಟಿ ಗಲ್ಲಿ, ಸರಾಫ ಕಟ್ಟೆ, ಮಂಗಳವಾರ ಪೇಟೆ ಎಂದರೆ ಅಕ್ಕಲಕೋಟೆ, ಇಂಡಿ, ಜತ್ತ ಕಡೆಯ ನಮ್ಮವರಿಗೂ ಪರಿಚಿತ ಹೆಸರುಗಳು. ಇಷ್ಟು ದೊಡ್ಡ ಪೇಟೆಗೆ 1992ರಲ್ಲಿ ಪ್ರತ್ಯೇಕ ಪೋಲೀಸ್ ಆಯುಕ್ತಾಲಯ ಬಂದಿತು. ಫೌಜದಾರ ಚಾವಡಿ, ಜೇಲ್ ರೋಡ್, ಸದರ ಬಝಾರ, ಜೋಡಭಾವಿ ಪೇಟೆ, ವಿಜಾಪುರ ನಾಕಾ, ಸಲಗರ ವಸ್ತಿ, ಎಂ.ಐ.ಡಿ.ಸಿ. ಹೀಗೆ ನಗರಕ್ಕೆ ಠಾಣೆಗಳಿವೆ. ಈ ಹೆಸರುಗಳನ್ನು ಬಾಯಿಪಾಠ ಹೇಳುವ ವ್ಯಾಪಾರಿಗೆ ತನ್ನ ಅಂಗಡಿ ಯಾವ ಠಾಣೆಯ ಹದ್ದಿಗೆ ಸೇರುತ್ತದೆ, ಆ ಓಣಿಯ ಬೀಟು ಯಾವ ಹವಾಲ್ದಾರರದು ಎಂದು ಕೇಳಿ ನೋಡಿ. ಉತ್ತರ ಹೇಳುವವರು ವಿರಳ.

ಊರಿಗೂ ಪೋಲೀಸರಿಗೂ ಇರುವ ಈ ದೂರಕ್ಕೆ ಹಳೆಯ ಕಾರಣಗಳೂ ಇವೆ. 1930ರ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನದ ಸುದ್ದಿ ಬಂದಾಗ ಸೊಲ್ಲಾಪುರ ಎದ್ದುನಿಂತಿತು. ಗುಂಡು ಹಾರಿತು, ಜನ ಸತ್ತರು, ಪೋಲೀಸರೂ ಸತ್ತರು, ಊರಿನ ಮೇಲೆ ಲಷ್ಕರಿ ಕಾಯಿದೆ ಬಂದಿತು. ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ್ ಹುಸೇನ್ ಈ ನಾಲ್ವರನ್ನು 1931ರ ಜನವರಿ 12ರಂದು ಯರವಾಡಾ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಇಂದಿಗೂ ಅವರ ಹೆಸರಿನ ಚೌಕವನ್ನು ದಾಟಿಯೇ ಜನ ಪೇಟೆಗೆ ಹೋಗುತ್ತಾರೆ. ಅಂದಿನ ಪೋಲೀಸರು ಪರಕೀಯ ಸರಕಾರದ ಪೋಲೀಸರು. ಸರಕಾರ ಬದಲಾಗಿ ಮುಕ್ಕಾಲು ಶತಮಾನ ಕಳೆದರೂ ಠಾಣೆಯೆಂದರೆ ಪರಕೀಯರ ಜಾಗ ಎಂಬ ಭಾವನೆ ಮಾತ್ರ ಪೂರ್ತಿ ಹೋಗಿಲ್ಲ.

ಮುಚ್ಚಿಟ್ಟ ಕಳವು ಎಲ್ಲಿಗೆ ಮುಟ್ಟುತ್ತದೆ

ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ. ಬೇಸಿಗೆ ರಜೆಯಲ್ಲಿ ಕುಟುಂಬವೆಲ್ಲ ಶಿಖರಜಿಗೋ ಶ್ರವಣಬೆಳಗೊಳಕ್ಕೋ ಹೋಗಿರುತ್ತದೆ. ದಶಲಕ್ಷಣ ಪರ್ವದ ದಿನಗಳಾದರೆ ಇನ್ನೂ ಸುಲಭ. ಬೆಳಗಿನ ಅಭಿಷೇಕದ ಹೊತ್ತಿಗೆ ಮನೆಯವರೆಲ್ಲ ಬಸದಿಯಲ್ಲಿರುತ್ತಾರೆಂಬುದು ಓಣಿಗೆಲ್ಲ ಗೊತ್ತು. ಹಿಂತಿರುಗಿ ಬಂದಾಗ ಕೊಂಡಿ ಮುರಿದಿದೆ, ಕಪಾಟು ತೆರೆದಿದೆ, ಸೊಸೆಯ ಬಳೆ, ಅಜ್ಜಿಯ ಸರ, ತಿಜೋರಿಯ ನಗದು ಇಲ್ಲ. ಒಂದು ತಾಸು ಅಳು. ಆಮೇಲೆ ಹಿರಿಯರು ಹೇಳುತ್ತಾರೆ: "ಹೋದದ್ದು ಹೋಯಿತು. ನಮ್ಮ ಅಂತರಾಯ ಕರ್ಮದ ಉದಯ. ಪೋಲೀಸರನ್ನು ಕರೆದರೆ ಓಣಿಯೆಲ್ಲ ಕೂಡುತ್ತದೆ, ಮಗಳ ಸಂಬಂಧದ ಮಾತು ನಡೆದಿದೆ." ಹಿರಿಯರು ಬಾಯಿಬಿಟ್ಟು ಹೇಳದ ಇನ್ನೊಂದು ಮಾತೂ ಇರುತ್ತದೆ. ಹೋದ ನಗದಿಗೆ ಕೀರ್ದಿಯಲ್ಲಿ ಲೆಕ್ಕವಿಲ್ಲ, ಹೋದ ಬಂಗಾರಕ್ಕೆ ಪಾವತಿಯಿಲ್ಲ. ಕಳ್ಳನಿಗೆ ಇದು ಚೆನ್ನಾಗಿ ಗೊತ್ತು. ಫಿರ್ಯಾದು ಕೊಡಲಾರದವನ ಮನೆಯೇ ಅವನಿಗೆ ಎಲ್ಲಕ್ಕಿಂತ ಸುರಕ್ಷಿತವಾದ ಮನೆ.

ಇಷ್ಟಕ್ಕೆ ಮುಗಿದರೆ ನಷ್ಟ ನಮ್ಮದೊಬ್ಬರದೇ ಎನ್ನಬಹುದಿತ್ತು. ಆದರೆ ಇಲ್ಲಿಗೆ ಮುಗಿಯುವುದಿಲ್ಲ. ಠಾಣೆಯವರು ರಾತ್ರಿ ರೌಂಡನ್ನು ಎಲ್ಲಿ ಹೆಚ್ಚಿಸಬೇಕೆಂದು ನಿರ್ಧರಿಸುವುದು ದಾಖಲಾದ ಗುನ್ಹೆಗಳನ್ನು ನೋಡಿ. ಯಾವ ಓಣಿಯಲ್ಲಿ, ಯಾವ ಹೊತ್ತಿನಲ್ಲಿ, ಹೇಗೆ ಒಳನುಗ್ಗಿದರು, ಕೊಂಡಿ ಕತ್ತರಿಸಿದರೋ ಹಿತ್ತಲ ಕಿಟಕಿಯ ಸರಳು ಬಾಗಿಸಿದರೋ, ಇವೆಲ್ಲ ಕಾಗದದ ಮೇಲೆ ಬಂದಾಗ ಮಾತ್ರ ಇದು ಯಾವ ಕೈಯ ಕೆಲಸವೆಂದು ಅನುಭವಿ ಹವಾಲ್ದಾರನಿಗೆ ಹೊಳೆಯುತ್ತದೆ. ಮೂರು ಮನೆಗಳ ಕಳವು ಮುಚ್ಚಿಹೋದರೆ ಆ ಓಣಿ ಠಾಣೆಯ ಲೆಕ್ಕದಲ್ಲಿ ಶಾಂತವಾದ ಓಣಿ. ನಾಲ್ಕನೆಯ ಮನೆಗೆ ಕನ್ನ ಬೀಳುವಾಗ ಅಲ್ಲಿ ಪೋಲೀಸರ ಸುಳಿವಿಲ್ಲವೆಂದು ಬಯ್ಯುವವರು ಮೊದಲಿನ ಮೂರು ಮನೆಯವರೇ!

ಇನ್ನೊಂದು ನಷ್ಟವನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಫಿರ್ಯಾದು ಕೊಡದ ಮನೆಯಲ್ಲಿ ತನಿಖೆ ಇಲ್ಲದಿದ್ದರೂ ಶಂಕೆ ಇದ್ದೇ ಇರುತ್ತದೆ. ಆ ಶಂಕೆ ಮೊದಲು ಬೀಳುವುದು ಭಾಂಡೆ ತಿಕ್ಕುವ ಹೆಂಗಸಿನ ಮೇಲೆ, ಅಂಗಡಿಯ ಹುಡುಗನ ಮೇಲೆ, ಹಮಾಲನ ಮೇಲೆ. ಬೆರಳಚ್ಚು ತೆಗೆಯುವವರಿಲ್ಲ, ಕ್ಯಾಮರಾ ನೋಡುವವರಿಲ್ಲ, ಆದ್ದರಿಂದ ಅವರು ನಿರ್ದೋಷಿಗಳೆಂದು ಹೇಳುವವರೂ ಇಲ್ಲ. ಹದಿನೈದು ವರ್ಷ ದುಡಿದ ಹೆಂಗಸು ಒಂದೇ ದಿನದಲ್ಲಿ ಕೆಲಸ ಕಳೆದುಕೊಳ್ಳುತ್ತಾಳೆ, ಅವಳ ಹೆಸರು ಓಣಿಯ ಬಾಯಿಗೆ ಬೀಳುತ್ತದೆ, ಮತ್ತೊಂದು ಮನೆಯಲ್ಲಿ ಕೆಲಸ ಸಿಗುವುದಿಲ್ಲ. ಕೆಲವು ಕಡೆ ಗೋದಾಮಿನ ಬಾಗಿಲು ಹಾಕಿ ಹುಡುಗನನ್ನು ಹೊಡೆದು ಬಾಯಿ ಬಿಡಿಸಲು ನೋಡಿದ ಉದಾಹರಣೆಗಳೂ ಪೇಟೆಯಲ್ಲಿ ಕೇಳಿಬರುತ್ತವೆ. ಠಾಣೆಗೆ ಹೋಗುವುದು ಮರ್ಯಾದೆಗೆ ಕುಂದು, ಇದು ಕುಂದಲ್ಲವೇ?

ಕಳ್ಳನನ್ನು ಪೋಲೀಸರಿಗೆ ಒಪ್ಪಿಸಿದರೆ ಅವನಿಗೆ ಹಿಂಸೆಯಾಗುತ್ತದೆ, ಆ ಪಾಪ ನಮಗೆ ಬೇಡ ಎಂದು ಪ್ರಾಮಾಣಿಕವಾಗಿ ನಂಬಿರುವ ಶ್ರಾವಕರೂ ಇದ್ದಾರೆ. ಅವರ ಮಾತನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಆದರೆ ನಮ್ಮ ಶಾಸ್ತ್ರವೇ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದೆ. ಗೃಹಸ್ಥನು ಸಂಪೂರ್ಣವಾಗಿ ಬಿಡಬೇಕಾದದ್ದು ಸಂಕಲ್ಪೀ ಹಿಂಸೆಯನ್ನು. ಮನೆ, ಕುಟುಂಬ, ಧರ್ಮಾಯತನಗಳ ರಕ್ಷಣೆಯಲ್ಲಿ ಒದಗಿಬರುವುದು ವಿರೋಧೀ ಹಿಂಸೆ. ಅದನ್ನು ಆದಷ್ಟು ಕಡಿಮೆ ಮಾಡಬೇಕೆಂದಿದೆಯೇ ಹೊರತು ಗೃಹಸ್ಥನಿಗೆ ಪೂರ್ತಿ ನಿಷೇಧಿಸಿಲ್ಲ. ಕಾಯಿದೆಯ ಪ್ರಕಾರ ಫಿರ್ಯಾದು ಕೊಡುವುದು ಹೆಚ್ಚೆಂದರೆ ಈ ನಾಲ್ಕನೆಯ ಬಗೆಯೊಳಗೆ ಬರಬಹುದು. ಗೋದಾಮಿನ ಬಾಗಿಲು ಹಾಕಿ ಹುಡುಗನನ್ನು ಹೊಡೆಯುವುದು ಯಾವ ಬಗೆಗೆ ಸೇರುತ್ತದೆಂದು ಪಂಡಿತರನ್ನು ಕೇಳಬೇಕಾಗಿಲ್ಲ.

ಇತ್ತೀಚಿನ ಕಾಯಿದೆಯೂ ದಯೆಗೆ ಜಾಗ ಮಾಡಿಕೊಟ್ಟಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಕದ್ದವನು ಮೊದಲ ಸಲ ಶಿಕ್ಷೆಗೆ ಗುರಿಯಾಗುತ್ತಿದ್ದು, ವಸ್ತುವನ್ನೋ ಅದರ ಬೆಲೆಯನ್ನೋ ಹಿಂತಿರುಗಿಸಿದರೆ, ಅವನಿಗೆ ಜೈಲಿನ ಬದಲು ಸಮುದಾಯ ಸೇವೆಯ ಶಿಕ್ಷೆ ಎಂದಿದೆ. ಹೊಟ್ಟೆಗಿಲ್ಲದೆ ಕೈಯಿಟ್ಟ ಹುಡುಗನ ಬಾಳು ಹಾಳಾಗಬಾರದೆಂದು ಮರುಗುವವರಿಗೆ ಇದು ಸಮಾಧಾನ ತರಬೇಕು.

ಪೋಲೀಸರೂ ಜನರೂ ಕೂಡಿ ಮಾಡಿದ ಕೆಲಸ

ಗುನ್ಹೆ ಆದಮೇಲೆ ಓಡುವುದಕ್ಕಿಂತ ಆಗದಂತೆ ನೋಡಿಕೊಳ್ಳುವುದು ಲೇಸೆಂದು ಪೋಲೀಸ್ ಇಲಾಖೆಯಲ್ಲಿ ವಿಚಾರ ಮಾಡಿದವರು ಅನೇಕರು. ಮಹಾರಾಷ್ಟ್ರದಲ್ಲಿ ಇದಕ್ಕೆ ಮೊದಲು ನೆನಪಾಗುವ ಹೆಸರು ಭಿವಂಡಿಯದು. 1984ರ ದಂಗೆಯಲ್ಲಿ ಬೆಂದಿದ್ದ ಆ ಮಗ್ಗದ ಊರಿಗೆ 1988ರಲ್ಲಿ ಸುರೇಶ ಖೋಪಡೆ ಎಂಬ ಅಧಿಕಾರಿ ಬಂದರು. ಓಣಿ ಓಣಿಗೆ ಎರಡೂ ಕೋಮಿನವರನ್ನು ಕೂಡಿಸಿ ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. 1992 ಡಿಸೆಂಬರ್ ಮತ್ತು 1993 ಜನವರಿಯಲ್ಲಿ ಹತ್ತಿರದ ಮುಂಬಯಿ ಹೊತ್ತಿ ಉರಿದಾಗ ಭಿವಂಡಿ ಶಾಂತವಾಗಿತ್ತು. ದಂಗೆಯ ದಿನ ಮೊದಲು ಸುಡುವುದು ಅಂಗಡಿ ಎಂಬುದನ್ನು ವ್ಯಾಪಾರಿಗಳಿಗೆ ಬೇರೆ ಹೇಳಬೇಕಾಗಿಲ್ಲ.

ಕಾಸರಗೋಡು, ವಯನಾಡಿನ ನಮ್ಮ ಓದುಗರು ಕೇರಳದ ಜನಮೈತ್ರಿ ಯೋಜನೆಯನ್ನು ಕಂಡಿರುತ್ತಾರೆ. 2008ರ ಮಾರ್ಚಿನಲ್ಲಿ 20 ಠಾಣೆಗಳಲ್ಲಿ ಶುರುವಾದದ್ದು ಕ್ರಮೇಣ ಹಬ್ಬಿತು. ಅದರ ಜೀವಾಳ ಬೀಟು ಅಧಿಕಾರಿ. ಅವನು ತನ್ನ ಪಾಲಿನ ಮನೆಗಳಿಗೆ ಗುನ್ಹೆಯ ಕಾರಣಕ್ಕಲ್ಲದೆ ಪರಿಚಯಕ್ಕಾಗಿ ಹೋಗಬೇಕು, ಒಂಟಿಯಾಗಿರುವ ಮುದುಕರು ಎಲ್ಲೆಲ್ಲಿ ಇದ್ದಾರೆಂಬುದನ್ನು ತಿಳಿದಿರಬೇಕು. ಮಕ್ಕಳೆಲ್ಲ ಬೆಂಗಳೂರು, ಪುಣೆ, ಅಮೆರಿಕ ಸೇರಿ, ದೊಡ್ಡ ಮನೆಯಲ್ಲಿ ಅಜ್ಜ-ಅಜ್ಜಿ ಇಬ್ಬರೇ ಉಳಿದಿರುವ ಎಷ್ಟು ಮನೆಗಳಿಲ್ಲ ನಮ್ಮಲ್ಲಿ!

ಹೊಸೂರು, ತಾಳವಾಡಿ ಕಡೆಯವರು ತಮಿಳುನಾಡಿನ 'ಪೋಲೀಸ್ ಮಿತ್ರರು' ಯೋಜನೆಯ ಕಥೆ ಬಲ್ಲರು. 1993ರಲ್ಲಿ ರಾಮನಾಥಪುರದಲ್ಲಿ ಪ್ರತೀಪ್ ಫಿಲಿಪ್ ಆರಂಭಿಸಿದ ಈ ಯೋಜನೆ ಒಳ್ಳೆಯ ಹೆಸರು ಪಡೆಯಿತು. ಆದರೆ 2020ರ ಜೂನಿನಲ್ಲಿ ಸಾತ್ತಾನ್‌ಕುಳಂನಲ್ಲಿ ಮೊಬೈಲ್ ಅಂಗಡಿಯ ತಂದೆ-ಮಗ ಜಯರಾಜ್ ಮತ್ತು ಬೆನಿಕ್ಸ್, ಪೋಲೀಸರ ಹೊಡೆತಕ್ಕೆ ಸಿಕ್ಕು ಪ್ರಾಣ ಬಿಟ್ಟರು. ಅಂಗಡಿ ಹೊತ್ತು ಮೀರಿ ತೆರೆದಿತ್ತೆಂಬುದು ಅವರ ಮೇಲಿದ್ದ ಆರೋಪ. ಈ ಸ್ವಯಂಸೇವಕರ ಮೇಲೂ ಆಪಾದನೆ ಬಂದು ಜುಲೈಯಲ್ಲಿ ಸರಕಾರ ಯೋಜನೆಯನ್ನೇ ನಿಲ್ಲಿಸಿತು. ವ್ಯಾಪಾರಿಗಳ ಅಂಜಿಕೆಗೆ ಆಧಾರವೇ ಇಲ್ಲವೆಂದು ಯಾರೂ ಹೇಳಲಾರರು. ಲಾಠಿ ಹಿಡಿದ ಸ್ವಯಂಸೇವಕ ಬೇಡ, ಕಣ್ಣು-ಕಿವಿ ತೆರೆದ ನಾಗರಿಕ ಸಾಕು ಎಂಬುದು ಈ ಲೇಖಕನ ಮತ.

ಈಗ ಸೊಲ್ಲಾಪುರ ಜಿಲ್ಲೆಗೇ ಬರೋಣ. ಮುಳೇಗಾಂವ ತಾಂಡಾ ಮೊದಲಾದ ಕಡೆಗಳಲ್ಲಿ ಹಾತಭಟ್ಟಿ ಎನ್ನುವ ಕಳ್ಳಭಟ್ಟಿ ಸಾರಾಯಿ ಕಾಯಿಸುವುದು ಬಹುಕಾಲದ ಪೀಡೆ. ಧಾಳಿ ಮಾಡುವುದು, ಹಂಡೆ ಒಡೆಯುವುದು, ಕೇಸು ಹಾಕುವುದು, ವಾರ ಕಳೆಯುವುದರೊಳಗೆ ಮತ್ತೆ ಒಲೆ ಹೊತ್ತುವುದು. 2021ರಲ್ಲಿ ಗ್ರಾಮೀಣ ವಿಭಾಗದ ಪೋಲೀಸ್ ಅಧೀಕ್ಷಕಿಯಾಗಿದ್ದ ತೇಜಸ್ವೀ ಸಾತಪುತೆಯವರು 'ಆಪರೇಶನ್ ಪರಿವರ್ತನ' ಎಂಬ ಹೆಸರಿನಲ್ಲಿ ಬೇರೆ ದಾರಿ ಹಿಡಿದರು. ಒಬ್ಬೊಬ್ಬ ಅಧಿಕಾರಿ ಒಂದೊಂದು ಊರನ್ನೋ ತಾಂಡಾವನ್ನೋ ದತ್ತು ಪಡೆಯಬೇಕು. ಧಾಳಿ ನಿಲ್ಲಿಸುವಂತಿಲ್ಲ, ಮೇಲಿಂದ ಮೇಲೆ ಹೋಗಬೇಕು. ಅದರೊಂದಿಗೆ ಮನೆಮನೆಯವರೊಡನೆ ಕುಳಿತು ಮಾತನಾಡಬೇಕು, ಬೇರೆ ಉದ್ಯೋಗ ಹುಡುಕಿ ಕೊಡಬೇಕು, ಊರವರಲ್ಲಿ ತಿಳಿವಳಿಕೆ ಹುಟ್ಟಿಸಬೇಕು. ಪೋಲೀಸ್ ಅಧಿಕಾರಿ ಒಲೆ ಆರಿಸಿ ಹೋಗುವುದಷ್ಟೇ ಅಲ್ಲ, ಮರುದಿನ ಆ ಮನೆಯಲ್ಲಿ ಅನ್ನ ಹೇಗೆ ಬೇಯಬೇಕೆಂದು ವಿಚಾರಿಸತೊಡಗಿದ್ದು ದೊಡ್ಡ ಬದಲಾವಣೆ.

ಸೊಲ್ಲಾಪುರಕ್ಕೆ ಈ ಪಾಠ ವಿಶೇಷವಾಗಿ ಸಲ್ಲುತ್ತದೆ. ನಗರದಲ್ಲಿ ಸೆಟಲಮೆಂಟ್ ಎಂಬ ಬಡಾವಣೆಯ ಹೆಸರು ಇಂದಿಗೂ ಉಳಿದಿದೆ. 1871ರ ಬ್ರಿಟಿಷ್ ಕಾಯಿದೆ ಕೆಲವು ಜಾತಿಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಸಾರಿತ್ತು. ಅಂಥ ಕುಟುಂಬಗಳನ್ನು ತಂತಿಬೇಲಿಯೊಳಗೆ ಕೂಡಿ, ದಿನಾ ಹಾಜರಿ ಹಾಕಿಸುತ್ತಿದ್ದ ವಸಾಹತು ಅದು. 1952ರಲ್ಲಿ ಕಾಯಿದೆ ರದ್ದಾಯಿತು, ಬೇಲಿ ಹೋಯಿತು. ಆದರೆ ಕಳವಾದಾಗ ಜಾತಿಯ ಹೆಸರು ಹಿಡಿದು 'ಅವರದೇ ಕೆಲಸ' ಎನ್ನುವ ರೂಢಿ ನಮ್ಮ ಜಗಲಿಗಳಲ್ಲಿ ಪೂರ್ತಿ ನಿಂತಿಲ್ಲ. ಠಾಣೆಗೆ ಹೋದಾಗ ನಾವು ಹೇಳಬೇಕಾದದ್ದು ಕಂಡ ಸಂಗತಿಯನ್ನು. ಊಹೆಯ ಜಾತಿಯನ್ನಲ್ಲ.

ಹಾತಭಟ್ಟಿಯ ಮಾತು ಬಂದಾಗ ಒಂದು ಕಹಿ ಸಂಗತಿ. ಮದ್ಯ, ಮಾಂಸ, ಮಧುಗಳ ತ್ಯಾಗ ನಮ್ಮ ಮೂಲಗುಣಗಳಲ್ಲಿ ಸೇರಿದೆ. ಆದರೆ ಭಟ್ಟಿಗೆ ಬೇಕಾಗುವುದು ಬೆಲ್ಲ ಮತ್ತು ನವಸಾಗರ. ಇವೆರಡೂ ತಾಂಡಾದಲ್ಲಿ ಬೆಳೆಯುವುದಿಲ್ಲ, ಅಂಗಡಿಯಿಂದಲೇ ಹೋಗುತ್ತವೆ. ತಿನ್ನಲು ಬಾರದ ಕಪ್ಪು ಬೆಲ್ಲವನ್ನು ತಿಂಗಳಿಗೆ ಇಷ್ಟು ಮೂಟೆ ಒಬ್ಬನೇ ಒಯ್ಯುತ್ತಿದ್ದರೆ ಅದು ಹೋಳಿಗೆಗಲ್ಲವೆಂದು ಅಂಗಡಿಕಾರನಿಗೆ ತಿಳಿಯದೇ?

ಅಚೌರ್ಯಾಣುವ್ರತಕ್ಕೆ ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಐದು ಅತಿಚಾರಗಳನ್ನು ಹೇಳಿದ್ದಾರೆ. ಕಳ್ಳನಿಗೆ ಪ್ರೇರಣೆ ಕೊಡುವುದು, ಕದ್ದ ಮಾಲು ಕೊಳ್ಳುವುದು, ರಾಜ್ಯದ ಕಟ್ಟಳೆ ಮೀರುವುದು, ತೂಕ-ಅಳತೆಯಲ್ಲಿ ಹೆಚ್ಚು ಕಡಿಮೆ ಮಾಡುವುದು, ಅಸಲಿಗೆ ನಕಲಿ ಬೆರೆಸುವುದು. ಐದೂ ವ್ಯಾಪಾರಿಯ ಗದ್ದಿಗೆ ಸಂಬಂಧಿಸಿದವು ಎಂಬುದನ್ನು ಗಮನಿಸಬೇಕು. ತಾನೇ ಕನ್ನ ಹಾಕುವ ಮಾತು ಇವುಗಳಲ್ಲಿಲ್ಲ. ಕಳ್ಳತನ ಬದುಕುವುದು ಕಳ್ಳನೊಬ್ಬನಿಂದಲ್ಲ, ಕೊಳ್ಳುವವನಿಂದ ಎಂಬ ಮಾತನ್ನು ಇಂದಿನ ಪೋಲೀಸ್ ತರಬೇತಿಯಲ್ಲಿ ಹೇಳುವುದಕ್ಕೆ ಎಷ್ಟೋ ಶತಮಾನ ಮೊದಲೇ ನಮ್ಮ ಆಚಾರ್ಯರು ಕಂಡಿದ್ದರು.

ಸರಾಫರ ಕಷ್ಟ

ಎರಡನೆಯ ಅತಿಚಾರದಲ್ಲಿ ನಮ್ಮ ಸರಾಫ ಬಂಧುಗಳ ದೊಡ್ಡ ತಾಪತ್ರಯವೊಂದು ಅಡಗಿದೆ. ಹಳೆಯ ಸರ ಮಾರಲು ಗಿರಾಕಿ ಬರುತ್ತಾನೆ. ಹೆಂಡತಿಯ ಆಸ್ಪತ್ರೆ ಖರ್ಚು ಎನ್ನುತ್ತಾನೆ. ತೂಗಿ, ಒರೆಗೆ ಹಚ್ಚಿ, ಹಣ ಕೊಟ್ಟು ಕಳಿಸುತ್ತಾರೆ. ಆರು ತಿಂಗಳ ನಂತರ ಬೇರೆ ಜಿಲ್ಲೆಯ ಪೋಲೀಸರು ಬೇಡಿ ಹಾಕಿದ ಅದೇ ಮನುಷ್ಯನನ್ನು ಕರೆತಂದು ಅಂಗಡಿಯ ಮುಂದೆ ನಿಲ್ಲಿಸುತ್ತಾರೆ. ಸರ ಕರಗಿಹೋಗಿರುತ್ತದೆ, ಅಷ್ಟೇ ತೂಕದ ಬಂಗಾರ ಕೊಡು ಎನ್ನುತ್ತಾರೆ. ಕೆಲವು ಸಲ ಪಂಚನಾಮೆಯೂ ಇಲ್ಲ, ಪಾವತಿಯೂ ಇಲ್ಲ. ಪೇಟೆಯಲ್ಲಿ ಹೆಸರು ಕೆಡುವುದೆಂದು ಅಂಜಿ ಕೊಟ್ಟು ಕೈತೊಳೆದುಕೊಳ್ಳುವವರೇ ಹೆಚ್ಚು. ಈ ದೂರು ನ್ಯಾಯವಾದದ್ದು, ಹೇಳಲೇಬೇಕಾದದ್ದು.

ಆದರೆ ಇದರ ಮದ್ದು ಮುಚ್ಚಿಡುವುದರಲ್ಲಿಲ್ಲ, ದಪ್ತರಿನಲ್ಲಿದೆ. ಕದ್ದ ಮಾಲೆಂದು ತಿಳಿದು, ಅಥವಾ ತಿಳಿಯಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಕೊಂಡವನಷ್ಟೇ ನ್ಯಾಯ ಸಂಹಿತೆಯ 317ನೇ ಕಲಮಿನ ಪ್ರಕಾರ ಅಪರಾಧಿ. ಹಳೆಯ ಬಂಗಾರ ಕೊಳ್ಳುವಾಗ ಗಿರಾಕಿಯ ಗುರುತಿನ ಪತ್ರದ ಪ್ರತಿ, ಒಡವೆಯ ಫೋಟೋ, ತೂಕ, ಬ್ಯಾಂಕಿನ ಮೂಲಕ ಪಾವತಿ, ಇವಿಷ್ಟು ನೋಂದಿದ್ದರೆ ಸರಾಫನ ಪ್ರಾಮಾಣಿಕತೆಗೆ ಅದೇ ಸಾಕ್ಷಿ. ಹೊಸ ಹಾಲ್‌ಮಾರ್ಕ್ ಒಡವೆಗಳ ಮೇಲೆ ಆರು ಅಕ್ಷರ-ಅಂಕೆಗಳ ಗುರುತು ಇರುತ್ತದೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯನ್ನು ಈ ಗುರುತಿಲ್ಲದೆ ಅಂಗಡಿಯವರು ಮಾರುವಂತಿಲ್ಲ. ಅದನ್ನೂ ಬರೆದಿಡಬೇಕು. ಮನೆಯಲ್ಲಿ ಒಡವೆ ಇರುವ ಗೃಹಿಣಿಯರೂ ಬರೆದಿಡಬೇಕು. ಕಳವಾದ ದಿನ "ಒಂದು ಬಂಗಾರದ ಸರ, ಹಳೆಯದು" ಎಂದಷ್ಟೇ ಬರೆಸಿದರೆ ಯಾವ ಪೋಲೀಸನೂ ಹುಡುಕಲಾರ.

ಇನ್ನು ಠಾಣೆಯಲ್ಲಿ ನಮ್ಮ ಹಕ್ಕುಗಳೇನು? ಫಿರ್ಯಾದನ್ನು ಬಾಯಿಯಲ್ಲಿ ಹೇಳಿದರೂ ಬರೆದುಕೊಳ್ಳಬೇಕು, ಬರೆದದ್ದನ್ನು ಫಿರ್ಯಾದಿಗೆ ಓದಿ ಹೇಳಬೇಕು, ಆಮೇಲೆ ಸಹಿ. ಅಕ್ಕಲಕೋಟೆ, ಜತ್ತ ಕಡೆ ಮರಾಠಿಯಲ್ಲಿ ಬರೆದದ್ದು ಅರ್ಥವಾಗದ ಕನ್ನಡದ ಹಿರಿಯರು ಸುಮ್ಮನೆ ಸಹಿ ಹಾಕದೆ, ಬಲ್ಲವರನ್ನು ಜೊತೆಗೆ ಕರೆದೊಯ್ದು ಅರ್ಥ ತಿಳಿದುಕೊಂಡೇ ಹಾಕಬೇಕು. ನಕಲು ಪುಕ್ಕಟೆ ಸಿಗಬೇಕು. ಗುನ್ಹೆ ಬೇರೆ ಠಾಣೆಯ ಹದ್ದಿನಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಯಾತ್ರೆಯಲ್ಲಿ ರೈಲಿನಲ್ಲಿ ಪೆಟ್ಟಿಗೆ ಹೋದವರಿಗೆ ಇದು ದೊಡ್ಡ ಅನುಕೂಲ. ಬರೆದುಕೊಳ್ಳಲು ಒಪ್ಪದಿದ್ದರೆ ಪೋಲೀಸ್ ಅಧೀಕ್ಷಕರಿಗೆ ಅಂಚೆಯಲ್ಲಿ ಕಳಿಸಬಹುದು. ದಖಲಪಾತ್ರ ಗುನ್ಹೆಯ ಮಾಹಿತಿ ಬಂದರೆ ದಾಖಲಿಸಲೇಬೇಕೆಂದು ಸುಪ್ರೀಮ್ ಕೋರ್ಟು 2013ರ ಲಲಿತಾಕುಮಾರಿ ತೀರ್ಪಿನಲ್ಲಿ ಹೇಳಿದೆ. ಈಗಿನ ಕಾಯಿದೆಯಲ್ಲಿ ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಗುನ್ಹೆಗಳಿಗೆ ಮಾತ್ರ ಹದಿನಾಲ್ಕು ದಿನಗಳ ಪ್ರಾಥಮಿಕ ವಿಚಾರಣೆಗೆ ಅವಕಾಶವಿಟ್ಟಿದ್ದಾರೆ.

ಹೆಣ್ಣುಮಕ್ಕಳನ್ನು ಠಾಣೆಗೆ ಕರೆಸುತ್ತಾರೆಂಬುದೇ ಅನೇಕ ಮನೆಗಳ ಮುಖ್ಯ ಅಂಜಿಕೆ. ಸಾಕ್ಷಿ ಹೇಳಿಕೆಗಾಗಿ ಹೆಂಗಸರನ್ನು, 60 ದಾಟಿದ ಹಿರಿಯರನ್ನು, 15ರೊಳಗಿನ ಮಕ್ಕಳನ್ನು ಠಾಣೆಗೆ ಬರಲು ಒತ್ತಾಯಿಸುವಂತಿಲ್ಲ. ಪೋಲೀಸರೇ ಅವರ ಮನೆಗೆ ಬರಬೇಕು. ಇದು ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಮು. ಹಳೆಯ ಕಾಯಿದೆಯಲ್ಲೂ ಇಂಥ ರಕ್ಷಣೆ ಇತ್ತು, ನಮಗೆ ಗೊತ್ತಿರಲಿಲ್ಲ ಅಷ್ಟೇ.

ಸಿಕ್ಕ ಮಾಲು ಕೋರ್ಟಿನಲ್ಲಿ ಹತ್ತು ವರ್ಷ ಕೊಳೆಯುತ್ತದೆ ಎಂಬ ಮಾತಿನಲ್ಲಿ ಸತ್ಯಾಂಶವಿತ್ತು. 2002ರಲ್ಲಿ ಸುಂದರಭಾಯಿ ಅಂಬಾಲಾಲ ದೇಸಾಯಿ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು, ಒಡವೆಗಳ ಸವಿವರ ಪಂಚನಾಮೆ ಮತ್ತು ಫೋಟೋ ಮಾಡಿಕೊಂಡು, ಮುಚ್ಚಳಿಕೆ ಬರೆಸಿಕೊಂಡು ಬೇಗನೆ ಹಿಂತಿರುಗಿಸಬೇಕೆಂದು ಹೇಳಿತು. ಹೊಸ ಸಂಹಿತೆಯಲ್ಲಿ ಅವಧಿಯನ್ನೂ ಗೊತ್ತುಪಡಿಸಿದ್ದಾರೆ. ಮಾಲು ಕೋರ್ಟಿನ ಮುಂದೆ ಬಂದ 14 ದಿನಗಳಲ್ಲಿ ಅದರ ವಿವರಪಟ್ಟಿ ಮತ್ತು ಫೋಟೋ, ಆ ನಂತರ 30 ದಿನಗಳಲ್ಲಿ ವಿಲೇವಾರಿಯ ಆದೇಶ. ಮಾಲಕನು ವಕೀಲರ ಮೂಲಕ ಅರ್ಜಿ ಹಾಕಿಕೊಂಡು ಬೆನ್ನು ಹತ್ತಬೇಕು. ತಾನಾಗಿ ಮನೆಗೆ ಬರುವುದೆಂದು ಕುಳಿತರೆ ಯಾವ ಕಾಯಿದೆಯೂ ಉಪಯೋಗಕ್ಕೆ ಬಾರದು.

ಫೋನಿನಲ್ಲಿ ಬರುವ ಕಳ್ಳ

ಕೊಂಡಿ ಮುರಿಯುವ ಕಳ್ಳನಿಗಿಂತ ಇಂದು ದೊಡ್ಡ ಕಳ್ಳ ಫೋನಿನಲ್ಲಿ ಬರುತ್ತಾನೆ. ಸಿ.ಬಿ.ಐ. ಎಂದೋ ಕಸ್ಟಮ್ಸ್ ಎಂದೋ ಹೇಳಿ, ವೀಡಿಯೋ ಕರೆಯಲ್ಲೇ 'ಬಂಧಿಸಿ', ಮನೆಯವರಿಗೂ ಹೇಳಕೂಡದೆಂದು ಹೆದರಿಸಿ, ಖಾತೆ ಖಾಲಿ ಮಾಡಿಸುತ್ತಾನೆ. ಇಂಥ ಡಿಜಿಟಲ್ ಬಂಧನವೆಂಬುದು ನಮ್ಮ ದೇಶದ ಯಾವ ಕಾಯಿದೆಯಲ್ಲೂ ಇಲ್ಲ. ಮಾನಕ್ಕೆ ಅಂಜುವ, ಸರಕಾರಿ ಕಾಗದ ಕಂಡರೆ ಬೆವರುವ ಹಿರಿಯ ವ್ಯಾಪಾರಿಗಳೇ ಇವರಿಗೆ ಹುಲುಸಾದ ಬೇಟೆ.

ಈ ವಿಷಯದಲ್ಲಿ ಲುಧಿಯಾನದ ವರ್ಧಮಾನ ಉದ್ಯಮ ಸಮೂಹದ ಅಧ್ಯಕ್ಷ ಎಸ್. ಪಿ. ಓಸವಾಲರು ಮಾಡಿದ್ದನ್ನು ನಾವೆಲ್ಲ ತಿಳಿಯಬೇಕು. ಪದ್ಮಭೂಷಣ ಪಡೆದ, ಎಂಭತ್ತು ದಾಟಿದ ಹಿರಿಯರು. 2024ರ ಆಗಸ್ಟ್ ಕೊನೆಗೆ ವಂಚಕರು ಅವರಿಗೆ ಸುಪ್ರೀಮ್ ಕೋರ್ಟಿನ ನಕಲಿ ವಿಚಾರಣೆಯನ್ನೇ ಪರದೆಯ ಮೇಲೆ ತೋರಿಸಿ 7 ಕೋಟಿ ರೂಪಾಯಿ ಕಿತ್ತುಕೊಂಡರು. ಅಂಥ ಹೆಸರುಳ್ಳವರು ಮುಚ್ಚಿಡಲು ಎಷ್ಟು ಕಾರಣಗಳಿದ್ದವು! ಅವರು ಮುಚ್ಚಿಡಲಿಲ್ಲ, ಪೋಲೀಸರಿಗೆ ಫಿರ್ಯಾದು ಕೊಟ್ಟರು, ಪತ್ರಿಕೆಗಳೆದುರು ತಾವೇ ವಿವರಿಸಿದರು. ಪೋಲೀಸರು 5.25 ಕೋಟಿ ರೂಪಾಯಿಯನ್ನು ಮರಳಿ ಪಡೆದರು.

ಹಣ ಮರಳಿ ಬರುವುದು ವೇಗದ ಮೇಲೆ ನಿಂತಿದೆ. ವಂಚಕನ ಖಾತೆಯಿಂದ ಹಣ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ತಾಸುಗಳಲ್ಲಿ ಹರಿದುಹೋಗುತ್ತದೆ. ಅಷ್ಟರೊಳಗೆ 1930 ಸಂಖ್ಯೆಗೆ ಕರೆ ಮಾಡಿದರೆ ಆ ವ್ಯವಸ್ಥೆಗೆ ಜೋಡಿಸಿರುವ ಬ್ಯಾಂಕುಗಳು ದಾರಿಯಲ್ಲಿರುವ ಹಣವನ್ನು ತಡೆಹಿಡಿಯಬಲ್ಲವು. ಸೊಲ್ಲಾಪುರದವರಿಗೆ 1930 ಎಂಬ ಅಂಕೆ ನೆನಪಿಡಲು ಬೇರೆ ಉಪಾಯ ಬೇಕಿಲ್ಲ.

ತರುಣರ ತಂದೆತಾಯಿಗಳಿಗೆ ಇನ್ನೊಂದು ಮಾತು. ಕದ್ದ ಹಣ ಹರಿಯಲು ವಂಚಕರಿಗೆ ಖಾತೆಗಳು ಬೇಕು, ದೊಡ್ಡ ಮೊತ್ತ ಬಂದುಹೋದರೂ ಸಂಶಯ ಬಾರದ ವ್ಯಾಪಾರಿ ಚಾಲ್ತಿ ಖಾತೆಗಳೆಂದರೆ ಇನ್ನೂ ಪ್ರಿಯ. "ನಿನ್ನ ಖಾತೆ ಒಂದು ವಾರ ಕೊಡು, ನೂರಕ್ಕೆ ಇಷ್ಟು ಕಮಿಶನ್" ಎನ್ನುವ ಗೆಳೆಯ ಕಾಲೇಜಿನಲ್ಲಿ, ಕ್ರಿಕೆಟ್ ಮೈದಾನದಲ್ಲಿ ಸಿಗುತ್ತಾನೆ. ಹುಡುಗನಿಗೆ ಅದು ಸುಲಭದ ಲಾಭವೆಂದು ಕಾಣುತ್ತದೆ. ಪೋಲೀಸರು ಮೊದಲು ಬಾಗಿಲು ತಟ್ಟುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಯದು. ಕದ್ದ ಮಾಲು ಕೊಳ್ಳುವ ಅತಿಚಾರ ಇಂದು ಈ ವೇಷದಲ್ಲೂ ನಮ್ಮ ಗದ್ದಿಗೆ ಬಂದಿದೆ.

ಬಸದಿಯ ಕಾವಲು

ಮನೆಯ ಬಂಗಾರ ಹೋದರೆ ಮತ್ತೆ ಮಾಡಿಸಬಹುದು. ಪೂರ್ವಜರು ಪೂಜಿಸಿದ ಜಿನಬಿಂಬ ಹೋದರೆ? 2013ರ ಜುಲೈಯಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಿಂದ ಅಮೂಲ್ಯ ಬಿಂಬಗಳು ಕಳುವಾದಾಗ ಸಮಾಜವೆಲ್ಲ ಕಂಗೆಟ್ಟಿತ್ತು. ಗಡಿನಾಡಿನ ಸಣ್ಣ ಊರುಗಳಲ್ಲಿ ನಮ್ಮವರ ಮನೆಗಳು ಎರಡು-ಮೂರಕ್ಕೆ ಇಳಿದಿವೆ. ಉಪಾಧ್ಯೆಯವರು ಬೆಳಿಗ್ಗೆ ಅಭಿಷೇಕ ಮುಗಿಸಿ ಬೀಗ ಹಾಕಿದರೆ ಮರುದಿನದವರೆಗೆ ಅತ್ತ ಸುಳಿಯುವವರಿಲ್ಲ. ಪಂಚಲೋಹದ ಬಿಂಬಗಳು ಎಷ್ಟಿವೆ ಎಂಬುದೇ ಕೆಲವು ಕಡೆ ಬರಹದಲ್ಲಿಲ್ಲ.

1972ರ ಪುರಾವಸ್ತು ಕಾಯಿದೆಯ ಪ್ರಕಾರ ನೂರು ವರ್ಷಕ್ಕಿಂತ ಹಳೆಯ ಶಿಲ್ಪಗಳನ್ನು, ಲೋಹದ ಬಿಂಬಗಳನ್ನು ಫೋಟೋ ಸಹಿತ ನೋಂದಾಯಿಸಬೇಕು. ಇದನ್ನು ಉಪದ್ರವವೆಂದು ತಿಳಿದು ಟ್ರಸ್ಟಿಗಳು ಮುಂದೂಡುತ್ತಾರೆ. ನೋಂದಣಿಯಿಂದ ಬಿಂಬ ಸರಕಾರದ್ದಾಗುವುದಿಲ್ಲ. ಎಲ್ಲಾದರೂ ಸಿಕ್ಕಾಗ ಇದು ನಮ್ಮದೆಂದು ಹೇಳಲು ಕೈಯಲ್ಲಿ ಕಾಗದವಿರುತ್ತದೆ. ಪ್ರತಿ ಬಿಂಬದ ಮುಂದು, ಹಿಂದು, ಪೀಠದ ಲೇಖನ ಇವುಗಳ ಫೋಟೋ ತೆಗೆದು, ಎತ್ತರ, ತೂಕ, ಲಾಂಛನ ಬರೆದು, ಒಂದು ಪ್ರತಿ ಬಸದಿಯ ಹೊರಗೆ ಯಾರಾದರೊಬ್ಬ ಟ್ರಸ್ಟಿಯ ಮನೆಯಲ್ಲಿ ಇಡಬೇಕು. ಬಸದಿಯೊಳಗೇ ಇಟ್ಟ ಪಟ್ಟಿ ಬಿಂಬದ ಜೊತೆಗೇ ಹೋದೀತು.

ರಾತ್ರಿ ರೌಂಡಿನ ಶಿಪಾಯಿ ಸಹಿ ಹಾಕುವ ಬೀಟು ಪುಸ್ತಕವನ್ನು ಬ್ಯಾಂಕಿನ ಬಾಗಿಲಲ್ಲಿ ನೋಡಿರುತ್ತೀರಿ. ಈಗ ಎಷ್ಟೋ ಕಡೆ ಪುಸ್ತಕದ ಬದಲು ಮೊಬೈಲಿನಲ್ಲಿ ಗುರುತು ಹಾಕುತ್ತಾರೆ. ಬಸದಿಯನ್ನೂ ಆ ಪಟ್ಟಿಗೆ ಸೇರಿಸಿರೆಂದು ಟ್ರಸ್ಟಿನ ಕಾಗದದ ಮೇಲೆ ಠಾಣೆಗೆ ಅರ್ಜಿ ಕೊಡಬಹುದು. ಮಹಾವೀರ ಜಯಂತಿ, ದಶಲಕ್ಷಣ ಪರ್ವ, ಚಾತುರ್ಮಾಸದ ಮುನಿಸಂಘದ ವಿಹಾರ, ಇವುಗಳ ತಾರೀಖುಗಳನ್ನೂ ಮೊದಲೇ ತಿಳಿಸಿಟ್ಟರೆ ಬಂದೋಬಸ್ತಿಗೆ ಕೊನೆಯ ಗಳಿಗೆಯಲ್ಲಿ ಓಡಾಡಬೇಕಾಗುವುದಿಲ್ಲ.

ಮಹಾರಾಷ್ಟ್ರ ಪೋಲೀಸರಿಗೆ 1961ರ ಜನವರಿ 2ರಂದು ಧ್ವಜ ದೊರೆತ ನೆನಪಿಗಾಗಿ ಪ್ರತಿ ವರ್ಷ ಆ ವಾರವನ್ನು ಆಚರಿಸುತ್ತಾರೆ. ಶಾಲೆಯ ಮಕ್ಕಳನ್ನು ಠಾಣೆಗೆ ಕರೆದು ವೈರ್‌ಲೆಸ್, ಲಾಕಪ್, ಡೈರಿ, ಬಂದೂಕು ತೋರಿಸುತ್ತಾರೆ. ನಮ್ಮ ಪಾಠಶಾಲೆಯ ಮಕ್ಕಳನ್ನೂ ಒಂದು ದಿನ ಕರೆದೊಯ್ಯಬಹುದು. ಬಂದೂಕಿನ ಕೋಣೆ ಬೇಡವೆನಿಸಿದರೆ ಡೈರಿಯ ಮೇಜಿನ ಬಳಿ ನಿಲ್ಲಿಸಿ, ಫಿರ್ಯಾದು ಹೇಗೆ ಬರೆಯುತ್ತಾರೆಂಬುದನ್ನು ತೋರಿಸಿದರೂ ಸಾಕು. ಸಿದ್ಧರಾಮೇಶ್ವರರ ಗಡ್ಡಾ ಯಾತ್ರೆಯೂ ಅದೇ ತಿಂಗಳಲ್ಲಿ ಬರುವುದರಿಂದ ಆ ವಾರ ಠಾಣೆಯವರಿಗೆ ಬಿಡುವು ಕಡಿಮೆ. ಡಿಸೆಂಬರಿನಲ್ಲೇ ಹೋಗಿ ದಿನ ಗೊತ್ತುಮಾಡಿಕೊಂಡು ಬರುವುದು ಒಳ್ಳೆಯದು.